ಚಪ್ಪೆ ಕೀಲಿಗೆ ದುರ್ಬೀನು ಆಪರೇಷನ್ ಆದ ಮೇಲೆ ಮನೆಯಲ್ಲಿ ಚೇತರಿಕೆ: ಮೊದಲು ನೆಲ ಬಿಡಿ

ಚಪ್ಪೆ ಕೀಲು ಅಂದರೆ ತೊಡೆ ಸೊಂಟಕ್ಕೆ ಕೂಡುವ ಕೀಲು. ಅದಕ್ಕೆ ದುರ್ಬೀನು ಆಪರೇಷನ್ (ಹಿಪ್ ಆರ್ಥ್ರೋಸ್ಕೋಪಿ) ಆದವರ ಗಾಯ ನೋಡಿದರೆ ಏನೂ ಆಗಿಲ್ಲವೇನೋ ಅನ್ನಿಸುತ್ತದೆ. ತೊಡೆಯ ಮೇಲ್ಭಾಗದಲ್ಲಿ ಒಂದೊಂದು ಸೆಂಟಿಮೀಟರಿನ ಎರಡೋ ಮೂರೋ ತೂತು, ಪ್ರತಿಯೊಂದಕ್ಕೂ ಒಂದೆರಡು ಹೊಲಿಗೆ. ಒಳಗೆ ನಡೆದ ಕೆಲಸ ಮಾತ್ರ ದೊಡ್ಡದು. ಕಾಲನ್ನು ಯಂತ್ರದಿಂದ ಎಳೆದು, ತೊಡೆಯೆಲುಬಿನ ತುದಿಯ ಗುಂಡನ್ನು ಸೊಂಟದ ಎಲುಬಿನ ಬಟ್ಟಲಿನಿಂದ ಹತ್ತು ಮಿಲಿಮೀಟರಿನಷ್ಟು ಬಿಡಿಸಿ, ಕೀಲಿನ ಚೀಲವನ್ನು ಕೊಯ್ದು ಒಳಹೋಗಿರುತ್ತಾರೆ. ಬಟ್ಟಲಿನ ಅಂಚಿಗೆ ಉಂಗುರದಂತಿರುವ ಮೆತ್ತನೆಯ ಲೇಬ್ರಮ್ ಹರಿದಿದ್ದರೆ ಮೊಳೆಯಂಥ ಆಂಕರ್ ಹಾಕಿ ಹೊಲಿದಿರುತ್ತಾರೆ, ಉಬ್ಬಿದ ಎಲುಬನ್ನು ಕೆರೆದಿರುತ್ತಾರೆ. ಆ ಹೊಲಿಗೆ ಕೂಡಲು ಆರು ವಾರವಾದರೂ ಬೇಕು. ಕೆರೆದ ಎಲುಬು ಪೂರ್ತಿ ಗಟ್ಟಿಯಾಗಲು ಅದಕ್ಕಿಂತ ಹೆಚ್ಚು.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಈ ಆಪರೇಷನ್ನಿಗೆ ಇರುವ ತೊಡಕೇ ಬೇರೆ. ನಮ್ಮ ಬದುಕು ನಡೆಯುವುದು ನೆಲದ ಮೇಲೆ. ಊಟಕ್ಕೆ ಚಕ್ಕಳಬಕ್ಕಳ, ಬಯಲಕಡೆಗೆ ಕುಕ್ಕರಗಾಲು, ರೊಟ್ಟಿ ತಟ್ಟುವುದು ನೆಲಕ್ಕೆ ಕೂತು, ಮಲಗುವುದು ಚಾಪೆಯ ಮೇಲೆ. ಕುಕ್ಕರಗಾಲಿನಲ್ಲಿ ಚಪ್ಪೆ ಕೀಲು 120 ಡಿಗ್ರಿಗಿಂತ ಹೆಚ್ಚು ಮಡಚುತ್ತದೆ. ಚಕ್ಕಳಬಕ್ಕಳದಲ್ಲಿ ಮಡಚುವುದರ ಜೊತೆಗೆ ತೊಡೆ ಹೊರಕ್ಕೆ ತಿರುಗುತ್ತದೆ. ಹೊಲಿದ ಲೇಬ್ರಮ್ಮನ್ನೂ ಚೀಲವನ್ನೂ ಎಳೆಯುವ ಚಲನೆಗಳು ಇವೇ. ಅದಕ್ಕೇ ರೋಗಿ ಮನೆಗೆ ಬರುವ ಮೊದಲು ಮನೆ ಒಂದೂವರೆ ಅಡಿ ಮೇಲೇಳಬೇಕು.

ಆಸ್ಪತ್ರೆ ಬಿಡುವ ಮುನ್ನ

ಇದೇ ಆಪರೇಷನ್ ಆದ ಇಬ್ಬರಿಗೆ ನಿಯಮ ಬೇರೆ ಬೇರೆ ಇರುತ್ತದೆ, ಯಾಕೆಂದರೆ ಒಳಗೆ ಮಾಡಿದ್ದು ಬೇರೆ. ಸಡಿಲ ಚೂರು ತೆಗೆದು ಸ್ವಚ್ಛ ಮಾಡಿದ್ದಷ್ಟೇ ಆದರೆ ಕೆಲವೇ ದಿನಕ್ಕೆ ಪೂರ್ತಿ ಭಾರ ಹಾಕಲು ಬಿಡಬಹುದು. ಲೇಬ್ರಮ್ ಹೊಲಿದು ಎಲುಬು ಕೆರೆದಿದ್ದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಅರೆಭಾರ. ಮೃದ್ವಸ್ಥಿ ಸವೆದ ಕಡೆ ಎಲುಬಿಗೆ ಸಣ್ಣ ತೂತು ಕೊರೆದಿದ್ದರೆ, ಅದಕ್ಕೆ ಮೈಕ್ರೋಫ್ರ್ಯಾಕ್ಚರ್ ಅನ್ನುತ್ತಾರೆ, ಆರರಿಂದ ಎಂಟು ವಾರ. ಡಿಸ್ಚಾರ್ಜ್ ಚೀಟಿಯಲ್ಲಿ ಇಷ್ಟನ್ನು ಬರೆಸಿಕೊಳ್ಳದೆ ಹೊರಡಬೇಡಿ: ಒಳಗೆ ಏನೇನು ಮಾಡಿದರು, ಎಷ್ಟು ಕಿಲೋ ಭಾರ ಎಷ್ಟು ವಾರ, ಎಷ್ಟು ಡಿಗ್ರಿವರೆಗೆ ಮಡಚಬಹುದು, ಪಾದ ಹೊರಕ್ಕೆ ತಿರುಗಿಸಬಹುದೇ, ಯಾವ ಗುಳಿಗೆ ಎಷ್ಟು ದಿನ, ಹೊಲಿಗೆ ಯಾವಾಗ ತೆಗೆಸಬೇಕು. ಇಲ್ಲಿ ಬರೆದದ್ದಕ್ಕೂ ಆ ಚೀಟಿಗೂ ವ್ಯತ್ಯಾಸ ಬಂದರೆ ಚೀಟಿಯ ಮಾತೇ ನಡೆಯಬೇಕು.

ಹೊಲಿಗೆ ತೆಗೆಸಲು 10ರಿಂದ 14ನೇ ದಿನಕ್ಕೆ ಮತ್ತೆ ಬೆಂಗಳೂರು, ಹೈದರಾಬಾದಿಗೆ ಹೋಗಲೇಬೇಕೆಂದಿಲ್ಲ. ಸರ್ಜನ್ ಒಪ್ಪಿದರೆ ಹತ್ತಿರದ ಆಸ್ಪತ್ರೆಯಲ್ಲೇ ಆಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಫಿಸಿಯೋಥೆರಪಿಗೆ ಎಲ್ಲಿಗೆ ಹೋದರೂ ಆ ಚೀಟಿ ತೋರಿಸಿಯೇ ಶುರು ಮಾಡಿ. ಚಪ್ಪೆ ಬದಲಿಸಿದವರಿಗೂ ಮೊಣಕಾಲು ಆಪರೇಷನ್ ಆದವರಿಗೂ ಮಾಡಿಸುವ ವ್ಯಾಯಾಮ ಎಲ್ಲ ಕಡೆ ರೂಢಿಯಲ್ಲಿದೆ. ಇದು ಅವೆರಡೂ ಅಲ್ಲ.

ಊರಿಗೆ ಬರುವ ದಾರಿ

ಬೆಂಗಳೂರಿನಿಂದ ಬಳ್ಳಾರಿಗೆ ಮುನ್ನೂರು ಕಿಲೋಮೀಟರಿಗೆ ಮೇಲೆ. ಕಾರಿನಲ್ಲಾದರೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನನ್ನು ವಾಲಿಸಿ, ಕೆಳಗೊಂದು ಗಟ್ಟಿ ದಿಂಬು ಹಾಕಿ. ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಮೈ ಸರಾಗವಾಗಿ ತಿರುಗುತ್ತದೆ. ಮೊದಲು ಬೆನ್ನು ಮಾಡಿ ಕೂಡಬೇಕು, ಆಮೇಲೆ ಎರಡೂ ಕಾಲನ್ನು ಜೋಡಿಸಿಕೊಂಡು ಒಳಗೆ ತರಬೇಕು. ಆಪರೇಷನ್ ಕಾಲನ್ನು ಬೇರೊಬ್ಬರು ಹಿಡಿದು ತರಲಿ. ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ಎದ್ದು ನಿಲ್ಲಿ. ರಕ್ತ ಹೆಪ್ಪುಗಟ್ಟುವ ಭಯ ಈ ಉದ್ದ ಪ್ರಯಾಣದಲ್ಲಿ ಹೆಚ್ಚು, ಹಾಗಾಗಿ ದಾರಿಯುದ್ದಕ್ಕೂ ಪಾದ ಮೇಲೆ ಕೆಳಗೆ ಆಡಿಸುತ್ತಿರಿ. ಹಂಪಿ ಎಕ್ಸ್‌ಪ್ರೆಸ್ಸಿನಂಥ ರಾತ್ರಿ ರೈಲಾದರೆ ಕೆಳಗಿನ ಬರ್ತು ಸಿಕ್ಕರೆ ಮಾತ್ರ. ಬಸ್ಸಿನ ಎತ್ತರದ ಮೆಟ್ಟಿಲು, ಸ್ಲೀಪರ್ ಕೋಚಿನ ಮೇಲಿನ ಹಾಸಿಗೆ ಮೊದಲ ವಾರ ಬೇಡವೇ ಬೇಡ.

ಮನೆ ಎತ್ತರಿಸುವುದು

ಅಳತೆ ಸುಲಭ. ಚಪ್ಪಲಿ ಹಾಕಿ ನಿಂತು ನೆಲದಿಂದ ಮೊಣಕಾಲಿನ ಹಿಂಬದಿ ಮಡಿಕೆವರೆಗೆ ಅಳೆಯಿರಿ, ಅದಕ್ಕೆ ಐದು ಸೆಂಟಿಮೀಟರ್ ಕೂಡಿಸಿ. ಬಹುತೇಕರಿಗೆ 45ರಿಂದ 50 ಸೆಂಟಿಮೀಟರ್ ಬರುತ್ತದೆ. ಕುರ್ಚಿ, ಮಂಚ, ಕಮೋಡ್ ಮೂರೂ ಅಷ್ಟು ಎತ್ತರ ಇರಬೇಕು. ಕೂತಾಗ ಮೊಣಕಾಲು ಚಪ್ಪೆಗಿಂತ ತುಸು ಕೆಳಗಿದ್ದರೆ ಸರಿಯಿದೆ ಎಂದರ್ಥ.

ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಇಳಿಜಾರಾಗಿರುತ್ತದೆ, ಕೂತರೆ ಮೊಣಕಾಲು ಮೇಲೇಳುತ್ತದೆ. ಎರಡು ಮೂರು ಕುರ್ಚಿ ಒಂದರೊಳಗೊಂದು ಇಟ್ಟರೆ ಎತ್ತರವೂ ಬರುತ್ತದೆ, ಬಲವೂ ಬರುತ್ತದೆ. ಮೇಲೆ ಮಡಚಿದ ಕಂಬಳಿಯನ್ನು ಹಿಂಬದಿ ದಪ್ಪ ಬರುವಂತೆ ಹಾಕಿ. ನುಲಿ ಮಂಚ, ನವಾರ ಪಟ್ಟಿಯ ಮಂಚ ನಡುವೆ ತಗ್ಗುತ್ತದೆ. ಮಲಗಿದವರು ರಾತ್ರಿಯೆಲ್ಲ ಮಡಚಿದ ಸ್ಥಿತಿಯಲ್ಲೇ ಇರುತ್ತಾರೆ, ಏಳುವಾಗಂತೂ ಒದ್ದಾಟ. ಹಲಗೆ ಮಂಚಕ್ಕೆ ಗಟ್ಟಿ ಗಾದಿ ಒಳ್ಳೆಯದು. ತಗ್ಗಾಗಿದ್ದರೆ ಕಾಲುಗಳ ಕೆಳಗೆ ಕುಣಿ ಕೊರೆದ ಮರದ ದಿಮ್ಮಿ ಕೊಡಿ. ಬರೀ ಇಟ್ಟಿಗೆ ಜಾರುತ್ತದೆ.

ಬಚ್ಚಲು, ಪಾಯಖಾನೆಯ ವ್ಯವಸ್ಥೆ ಆಪರೇಷನ್ನಿಗೆ ಎರಡು ದಿನ ಮೊದಲೇ ಆಗಬೇಕು. ಕಾಲಿನ ಎತ್ತರ ಹೆಚ್ಚುಕಡಿಮೆ ಮಾಡಬಹುದಾದ ಕಮೋಡ್ ಕುರ್ಚಿ ವೈದ್ಯಕೀಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಬಾಡಿಗೆಗೂ ಕೊಡುತ್ತಾರೆ. ಅದನ್ನು ದೇಶಿ ಪಾಯಖಾನೆಯ ಮೇಲೆ ನೇರ ನಿಲ್ಲಿಸಬಹುದು. ನಾಲ್ಕೂ ಕಾಲು ಸಮ ನಿಂತಿದೆಯೇ ಎಂದು ಮನೆಯ ಭಾರದ ಆಳು ಮೊದಲು ಕೂತು ನೋಡಲಿ. ಪಾಯಖಾನೆ ಅಂಗಳದಾಚೆ ಇದ್ದರೆ ರಾತ್ರಿಗೆ ಅದೇ ಕುರ್ಚಿಯನ್ನು ಕೆಳಗೊಂದು ಪಾತ್ರೆಯಿಟ್ಟು ಕೋಣೆಯೊಳಗೇ ಇಡುವುದು ಮೇಲು. ನಾಚಿಕೆಗೆ ಕತ್ತಲಲ್ಲಿ ಅಂಗಳ ದಾಟಲು ಹೋಗಿ ಬಿದ್ದರೆ ಕೆರೆದ ಎಲುಬಿನ ಕುತ್ತಿಗೆ ಮುರಿಯಬಹುದು.

ಕಡಪ ಕಲ್ಲು, ಶಹಾಬಾದ್ ಕಲ್ಲಿನ ನೆಲ ಒಣಗಿದ್ದಾಗ ತೊಂದರೆಯಿಲ್ಲ, ಒದ್ದೆಯಾದರೆ ಬಗಲುಗೋಲು ಜಾರುತ್ತದೆ. ಬಚ್ಚಲಲ್ಲಿ ರಬ್ಬರ್ ಮ್ಯಾಟು ಹಾಕಿ. ಬೇಸಿಗೆಯಲ್ಲಿ ಏರ್ ಕೂಲರಿನಿಂದ ಹನಿಯುವ ನೀರು ನಡೆಯುವ ದಾರಿಗೆ ಬರದಂತೆ ಅದರ ಜಾಗ ಬದಲಿಸಿ. ಹೊಸ್ತಿಲು ಎತ್ತರವಿದ್ದರೆ ಅದನ್ನೂ ಒಂದು ಮೆಟ್ಟಿಲೆಂದೇ ಎಣಿಸಿ ದಾಟಬೇಕು.

ಬಗಲುಗೋಲು

ನೆಟ್ಟಗೆ ನಿಂತಾಗ ಕೋಲಿನ ಮೇಲಿನ ತುದಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳ ಮೇಲೆ ಜೋತುಬಿದ್ದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ.

ಅರೆಭಾರ ಎಂದರೆ ಸಾಮಾನ್ಯವಾಗಿ ಹತ್ತು ಕಿಲೋ. ಇದನ್ನು ಊಹೆಯಿಂದ ಮಾಡಲಾಗದು, ತಕ್ಕಡಿಯ ಮೇಲೇ ಕಲಿಯಬೇಕು. ಮೈತೂಕದ ಯಂತ್ರದ ಮೇಲೆ ಆಪರೇಷನ್ ಕಾಲು, ಅಷ್ಟೇ ಎತ್ತರದ ಹಲಗೆಯ ಮೇಲೆ ಇನ್ನೊಂದು ಕಾಲು, ಕೈಯಲ್ಲಿ ಎರಡೂ ಕೋಲು. ಮುಳ್ಳು ಹತ್ತಕ್ಕೆ ಬರುವವರೆಗೆ ನಿಧಾನ ಒತ್ತಿ, ಬಿಡಿ, ಮತ್ತೆ ಒತ್ತಿ. ದಿನಕ್ಕೆರಡು ಸಲ ಹತ್ತತ್ತು ಬಾರಿ ಮಾಡಿದರೆ ಎರಡು ದಿನದಲ್ಲಿ ಪಾದಕ್ಕೇ ಅಂದಾಜು ಸಿಗುತ್ತದೆ.

ಇಲ್ಲಿ ಬಹಳ ಜನ ತಪ್ಪುವ ಒಂದು ವಿಷಯವಿದೆ. ಭಾರ ಹಾಕಬೇಡಿ ಅಂದರೆಂದು ಕಾಲನ್ನು ಗಾಳಿಯಲ್ಲಿ ಎತ್ತಿಹಿಡಿದು ಕುಂಟುತ್ತಾ ಹೋಗುತ್ತಾರೆ. ಕಾಲನ್ನು ಹಾಗೆ ಎತ್ತಿಹಿಡಿಯಲು ತೊಡೆಸಂದಿಯ ಸೋವಾಸ್ ಸ್ನಾಯು ಸದಾ ಬಿಗಿಯಬೇಕು. ಆ ಸ್ನಾಯು ಕೀಲಿನ ಮುಂದೆಯೇ ಹಾದುಹೋಗುವುದರಿಂದ ಪಾದ ಮೆಲ್ಲಗೆ ಊರಿದಾಗಿನದಕ್ಕಿಂತ ಹೆಚ್ಚು ಒತ್ತಡ ಕೀಲಿನ ಮೇಲೆ ಬೀಳುತ್ತದೆ, ವಾರದೊಳಗೆ ಸ್ನಾಯುವೂ ಬಾತುಕೊಳ್ಳುತ್ತದೆ. ಆದ್ದರಿಂದ ಪಾದ ಪೂರ್ತಿ ನೆಲಕ್ಕೆ ತಾಗಲಿ, ಹಿಮ್ಮಡಿ ಮೊದಲು, ಆಮೇಲೆ ಬೆರಳು. ಭಾರ ಮಾತ್ರ ಕೈ ಮೇಲೆ.

ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಕೋಲು ಮತ್ತು ಆಪರೇಷನ್ ಕಾಲು ಮುಂದೆ. ತಿರುಗುವಾಗ ಆ ಕಾಲನ್ನು ಊರಿ ಮೈ ತಿರುಗಿಸಬೇಡಿ, ಸಣ್ಣ ಸಣ್ಣ ಹೆಜ್ಜೆ ಇಟ್ಟು ಸುತ್ತಿ ಬನ್ನಿ. ಹವಾಯಿ ಚಪ್ಪಲಿ ಬದಲು ಹಿಂದೆ ಪಟ್ಟಿಯಿರುವುದನ್ನು ಹಾಕಿ. ಎರೆ ಹೊಲದ ಕಡೆ ಮಳೆಗಾಲದಲ್ಲಿ ಮಣ್ಣು ಕೋಲಿನ ತುದಿಗೆ ಮುದ್ದೆಗಟ್ಟುತ್ತದೆ. ಅಂಥ ದಿನ ಅಂಗಳಕ್ಕೂ ಇಳಿಯುವುದು ಬೇಡ.

ನೋವು, ಬಾವು, ಬಿಸಿಲು

ಮೊದಲ ಒಂದೆರಡು ದಿನ ತೂತುಗಳಿಂದ ತೆಳು ಕೆಂಪು ನೀರು ಒಸರುವುದು ಸಹಜ. ಆಪರೇಷನ್ ವೇಳೆ ಒಳಗೆ ಹರಿಸಿದ ಸಲೈನ್ ಅದು. ತೊಡೆ ಊದುವುದು, ನೀಲಿಗಟ್ಟುವುದೂ ಅಷ್ಟೇ. ತೊಡೆಯ ಹೊರಬದಿ, ಜನನಾಂಗದ ಸುತ್ತ, ಪಾದದ ಮೇಲೆ ಜೋಮು ಕಂಡರೆ ಗಾಬರಿಯಾಗಬೇಡಿ. ಕಾಲು ಎಳೆದಾಗ ನರಗಳ ಮೇಲೆ ಬಿದ್ದ ಒತ್ತಡ, ತೂತಿನ ಪಕ್ಕದ ಸಣ್ಣ ನರ ಇದಕ್ಕೆ ಕಾರಣ. ಬಹುತೇಕರಿಗೆ ಕೆಲ ದಿನಗಳಿಂದ ಕೆಲ ವಾರಗಳಲ್ಲಿ ಹೋಗುತ್ತದೆ. ನಾಚಿಕೊಂಡು ಮುಚ್ಚಿಡದೆ ಡಾಕ್ಟರಿಗೆ ಮಾತ್ರ ಹೇಳಿ.

ಮಂಜುಗಡ್ಡೆ ಒಮ್ಮೆಗೆ 15ರಿಂದ 20 ನಿಮಿಷ, ದಿನಕ್ಕೆ ನಾಲ್ಕೈದು ಸಲ, ನಡುವೆ ಒಣ ಬಟ್ಟೆ ಇಟ್ಟೇ. ಜೋಮು ಇರುವ ಕಡೆ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ, ಅಲ್ಲಿ ಐದು ನಿಮಿಷಕ್ಕೊಮ್ಮೆ ಎತ್ತಿ ನೋಡಬೇಕು. ಗಡ್ಡೆ ಚೂರು ತೊಡೆಸಂದಿಗೆ ಹೊಂದಿಕೊಳ್ಳುವುದಿಲ್ಲ. ಎರಡು ಪಾಲು ನೀರಿಗೆ ಒಂದು ಪಾಲು ಸರ್ಜಿಕಲ್ ಸ್ಪಿರಿಟ್ ಬೆರೆಸಿ, ಎರಡು ಪದರದ ಜಿಪ್ ಚೀಲದಲ್ಲಿ ತುಂಬಿ ಫ್ರೀಜರಿನಲ್ಲಿಟ್ಟರೆ ಗಟ್ಟಿಯಾಗದೆ ಅಂಬಲಿಯಂತೆ ಉಳಿಯುತ್ತದೆ. ಸ್ಪಿರಿಟ್ ಹೊತ್ತಿಕೊಳ್ಳುವ ವಸ್ತು, ಒಲೆಯಿಂದ ದೂರ ಬೆರೆಸಿ. ಕರೆಂಟು ಹೋಗುವ ಊರುಗಳಲ್ಲಿ ನಾಲ್ಕು ಚೀಲ ಮಾಡಿಟ್ಟುಕೊಳ್ಳಿ. ಗಡಿಗೆ ನೀರಲ್ಲಿ ಅದ್ದಿದ ಬಟ್ಟೆ ಹಾಯೆನಿಸುತ್ತದೆ, ಬಾವಿಗೆ ಸಾಲದು.

ಗುಳಿಗೆಯ ಮಾತು ಇನ್ನೂ ಮುಖ್ಯ. ನ್ಯಾಪ್ರೋಕ್ಸೆನ್ ಅಥವಾ ಇಂಡೊಮೆಥಾಸಿನ್ ಎರಡು ಮೂರು ವಾರಕ್ಕೆ ಬರೆದಿದ್ದರೆ ಅದು ನೋವಿಗಷ್ಟೇ ಅಲ್ಲ. ಎಲುಬು ಕೆರೆದ ನಂತರ ಸುತ್ತಲ ಸ್ನಾಯುವಿನಲ್ಲಿ ಬೇಡದ ಎಲುಬು ಬೆಳೆಯದಂತೆ ತಡೆಯಲು ಕೊಟ್ಟಿರುತ್ತಾರೆ. ನೋವು ಹೋಯಿತೆಂದು ಐದನೇ ದಿನಕ್ಕೆ ನಿಲ್ಲಿಸುವುದು ಅದಕ್ಕೇ ತಪ್ಪು. ಅದರ ಮೇಲೆ ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗುವುದು ಇನ್ನೂ ದೊಡ್ಡ ತಪ್ಪು, ಇವೆಲ್ಲ ಒಂದೇ ಜಾತಿಯವು. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು. ರಾಯಚೂರು, ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೆವರಿ ಮೈ ನೀರು ಆರಿದಾಗ ಈ ಗುಳಿಗೆ ಮೂತ್ರಪಿಂಡಕ್ಕೆ ಇನ್ನಷ್ಟು ಭಾರ. ಊಟವಾದ ಮೇಲೆಯೇ ನುಂಗಿ, ದಿನಕ್ಕೆ ಮೂರು ಲೀಟರಿನಷ್ಟು ನೀರು, ಮಜ್ಜಿಗೆ ಕುಡಿಯಿರಿ. ಮೂತ್ರ ಕಡುಹಳದಿಯಾದರೆ ನೀರು ಸಾಲದೆಂದೇ ಲೆಕ್ಕ. ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರು ಗುಳಿಗೆಯನ್ನೂ ನೀರಿನ ಅಳತೆಯನ್ನೂ ಡಾಕ್ಟರಿಂದಲೇ ಕೇಳಬೇಕು.

ನೋವಿಗೆ ಟ್ರಮಡಾಲ್ ಗುಳಿಗೆ ಇದ್ದರೆ ಮಲಬದ್ಧತೆ ಬರುವುದು ಸಾಮಾನ್ಯ, ತಿಣುಕುವುದು ಕೀಲಿಗೆ ಒಳ್ಳೆಯದಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ ಮೊದಲ ದಿನದಿಂದಲೇ ಇರಲಿ, ಬೇಕಾದರೆ ರಾತ್ರಿ ಇಸಬ್ಗೋಲ್. ಗುಟ್ಕಾ, ಬೀಡಿ, ತಂಬಾಕು ಬಿಡಬೇಕು. ನಿಕೋಟಿನ್ ರಕ್ತನಾಳವನ್ನು ಕುಗ್ಗಿಸಿ ಗಾಯ ಕೂಡುವುದನ್ನು ತಡಮಾಡುತ್ತದೆ.

ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿನೀರು ಸುರಿಯುವುದು, ಎಲುಬು ಕಟ್ಟುವವರಲ್ಲಿ ಪಟ್ಟು ಹಾಕಿಸುವುದು ಯಾವುದೂ ಬೇಡ. ಅಕ್ಕರೆಯಿಂದಲೇ ಹೇಳುತ್ತಾರೆ, ನಿಜ. ಆದರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿದ್ದಾಗ ತಿಕ್ಕಿದರೆ ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು.

ಮಲಗುವುದು, ಸ್ನಾನ, ಬಟ್ಟೆ

ಬೆನ್ನ ಮೇಲೆ ಮಲಗಿದಾಗ ಪಾದ ತಾನಾಗಿ ಹೊರಕ್ಕೆ ವಾಲುತ್ತದೆ. ಸುರುಳಿ ಸುತ್ತಿದ ದುಪ್ಪಡಿಯನ್ನು ತೊಡೆಯ ಹೊರಬದಿಗೆ ಒತ್ತಿಟ್ಟು ಬೆರಳು ಸೂರಿಗೆ ಮುಖ ಮಾಡುವಂತೆ ಇಡಿ. ಪಕ್ಕಕ್ಕೆ ಮಲಗಬೇಕೆನಿಸಿದರೆ ಒಳ್ಳೆ ಕಾಲಿನ ಕಡೆ, ಮೊಣಕಾಲುಗಳ ನಡುವೆ ಎರಡು ದಿಂಬು. ಹಾಸಿಗೆಗೆ ಕಾಲೇರಿಸುವಾಗ ಅದರದೇ ಬಲದಿಂದ ಎತ್ತಬಾರದು. ಉದ್ದ ಟವೆಲನ್ನು ಪಾದಕ್ಕೆ ಕುಣಿಕೆ ಹಾಕಿ ಕೈಯಿಂದ ಎತ್ತಿಕೊಳ್ಳಿ. ಪ್ಯಾಂಟು, ಲಂಗ ಹಾಕುವಾಗ ಆಪರೇಷನ್ ಕಾಲು ಮೊದಲು, ಬಿಚ್ಚುವಾಗ ಕೊನೆಗೆ. ಗಾಯ ನೆನೆಯದಂತೆ ಕೂತು ಸ್ನಾನ ಮಾಡಿ. ಬೆವರಿಗೆ ಪಟ್ಟಿ ಒದ್ದೆಯಾದರೆ ಅಂದೇ ಬದಲಿಸಿ. ಕಾಲುವೆ, ಹೊಳೆಗೆ ಇಳಿಯುವುದು ಗಾಯ ಪೂರ್ತಿ ಮಾಗಿ ನಾಲ್ಕು ವಾರವಾಗುವವರೆಗೆ ಇಲ್ಲ.

ಕುರ್ಚಿಯಲ್ಲಿ ಒಮ್ಮೆಗೆ ಅರ್ಧ ಗಂಟೆ ಸಾಕು. ಮಡಚುವುದಕ್ಕೆ ಸಾಮಾನ್ಯವಾಗಿ ಹಾಕುವ ಮಿತಿ 90 ಡಿಗ್ರಿ, ಕೂತಲ್ಲಿಂದ ಬಗ್ಗಿ ನೆಲದ ಚಂಬು ಎತ್ತಲು ಹೋದರೆ ಅದು ದಾಟಿಯೇ ಹೋಯಿತು. ಪೂಜೆ, ನಮಾಜು ಕುರ್ಚಿಯಲ್ಲಿ ಕೂತೇ ಆಗಲಿ.

ವ್ಯಾಯಾಮ

ಮೊದಲ ದಿನದಿಂದ: ಎಚ್ಚರವಿದ್ದಷ್ಟು ಹೊತ್ತು ಗಂಟೆಗೆ ಇಪ್ಪತ್ತು ಸಲ ಪಾದ ಮೇಲೆ ಕೆಳಗೆ. ಮೊಣಕಾಲನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿದು ಐದು ಎಣಿಸುವುದು, ಕುಂಡೆ ಬಿಗಿದು ಐದು ಎಣಿಸುವುದು, ಹತ್ತತ್ತು ಸಲ, ದಿನಕ್ಕೆ ಮೂರು ಹೊತ್ತು. ಡಾಕ್ಟರು ಒಪ್ಪಿದರೆ ಹೊಟ್ಟೆ ಮೇಲೆ 15-20 ನಿಮಿಷ, ದಿನಕ್ಕೆ ಎರಡು ಮೂರು ಸಲ ಮಲಗುವುದು. ಸದಾ ಕೂತೇ ಇದ್ದರೆ ಮುಂದಿನ ಸ್ನಾಯು ಮೊಟಕಾಗುತ್ತದೆ, ಆಮೇಲೆ ನಡೆಯುವಾಗ ಟೊಂಕ ನೋಯುತ್ತದೆ.

ಮನೆಯವರು ಕಲಿಯಬೇಕಾದದ್ದು ಒಂದಿದೆ. ರೋಗಿ ಕಾಲನ್ನು ಪೂರ್ತಿ ಸಡಿಲ ಬಿಟ್ಟಾಗ ಇನ್ನೊಬ್ಬರು ಮೊಣಕಾಲು, ಹಿಮ್ಮಡಿ ಹಿಡಿದು ಸಣ್ಣ ಸಣ್ಣ ಸುತ್ತು ಸುತ್ತಿಸುವುದು, ಎಡಕ್ಕೆ ಐದು ನಿಮಿಷ, ಬಲಕ್ಕೆ ಐದು ನಿಮಿಷ. ಚೀಲ ಮತ್ತು ಲೇಬ್ರಮ್ ಒಂದಕ್ಕೊಂದು ಅಂಟದಂತೆ ಇದು ತಡೆಯುತ್ತದೆ. ಇದನ್ನು ಫಿಸಿಯೋ ಮುಂದೆ ಕೈಯಾರೆ ಮಾಡಿ ಕಲಿತ ಮೇಲೆಯೇ ಮನೆಯಲ್ಲಿ ಮಾಡಬೇಕು.

ಭಾರವಿಲ್ಲದ ಸೈಕಲ್ ತುಳಿತವೂ ಇದೇ ಕಾರಣಕ್ಕೆ, ದಿನಕ್ಕೆ 15-20 ನಿಮಿಷ, ಸೀಟು ಎತ್ತರಿಸಿ. ಜಿಮ್ಮಿನ ಸೈಕಲ್ ಹಳ್ಳಿಯಲ್ಲಿ ಸಿಗದಿದ್ದರೆ ಜೋಡಿ ಸ್ಟ್ಯಾಂಡಿನ ಲೇಡೀಸ್ ಸೈಕಲ್ ಆದೀತು. ನಡುಗಂಬಿ ತಗ್ಗಿರುವುದರಿಂದ ಕಾಲು ಬೀಸಿ ಹತ್ತಬೇಕಿಲ್ಲ. ಹಿಂದಿನ ಗಾಲಿ ನೆಲ ಬಿಟ್ಟಿರಲಿ, ಸ್ಟ್ಯಾಂಡಿಗೆ ಕಲ್ಲು ಕೊಟ್ಟು, ಗೋಡೆ ಪಕ್ಕ, ಒಬ್ಬರು ಹಿಡಿದಿರಲಿ. ಒಳ್ಳೆ ಕಾಲು ತುಳಿಯಲಿ, ಇನ್ನೊಂದು ಜೊತೆಗೆ ತಿರುಗಲಿ.

ಬೆನ್ನ ಮೇಲೆ ಮಲಗಿ ಕಾಲನ್ನು ನೇರ ಮೇಲೆತ್ತುವ ವ್ಯಾಯಾಮ ನಾಲ್ಕರಿಂದ ಆರು ವಾರ ಯಾರು ಹೇಳಿದರೂ ಬೇಡ. ಸೋವಾಸ್ ಸ್ನಾಯು ಬಾತರೆ ತಿಂಗಳುಗಟ್ಟಲೆ ಕಾಡುತ್ತದೆ.

ತಡ ಮಾಡದೆ ಹೋಗಬೇಕಾದ ಸಂದರ್ಭಗಳು

ಮೀನಖಂಡ ಒಂದೇ ಕಡೆ ಊದಿ, ಬಿಸಿಯಾಗಿ, ಒತ್ತಿದರೆ ನೋವು ಬಂದರೆ ಅದೇ ದಿನ ಆಸ್ಪತ್ರೆ. ಉಸಿರು ಕಟ್ಟುವುದು, ಎದೆನೋವು ಬಂದರೆ 108ಕ್ಕೆ ಕರೆ ಮಾಡಿ. ಮೊದಲ ದಿನ ಹೊಟ್ಟೆ ಕಲ್ಲಿನಂತೆ ಬಿಗಿದು ಉಬ್ಬಿದರೆ ಆಪರೇಷನ್ ನೀರು ಹೊಟ್ಟೆಯೊಳಗೆ ಇಳಿದಿರಬಹುದು, ಅದೂ ತುರ್ತು. 101 ಡಿಗ್ರಿ ಮೀರಿದ ಜ್ವರ, ತೂತಿನಿಂದ ಕೀವು, ಐದನೇ ದಿನದ ಮೇಲೂ ಒಸರುವ ನೀರು ಸೋಂಕಿನ ಸೂಚನೆಯಿರಬಹುದು. ಎಡವಿದಾಗ ತೊಡೆಸಂದಿಯಲ್ಲಿ ಫಟ್ಟೆಂದು ನೋವು ಬಂದು ಕಾಲೂರಲು ಆಗದಿದ್ದರೆ ಎಕ್ಸ್‌ರೇ ಆಗುವವರೆಗೆ ಆ ಕಾಲಿಗೆ ಭಾರವೇ ಬೇಡ.

ಮೂರನೇ ವಾರದಿಂದ

ಅತಿ ಹೆಚ್ಚು ಹಾನಿ ಆಗುವುದು ಈಗ. ನೋವು ಇಳಿದಿರುತ್ತದೆ, ಬಂಧುಗಳು ಬಂದು ನೋಡಿ ಇನ್ನೇನು ನಡೆಯಬಹುದಲ್ಲ ಅನ್ನುತ್ತಾರೆ, ಕೋಲು ಮೂಲೆ ಸೇರುತ್ತದೆ. ಕೋಲು ಬಿಡುವುದನ್ನು ನೋವು ನೋಡಿ ಅಲ್ಲ, ನಡಿಗೆ ನೋಡಿ ತೀರ್ಮಾನಿಸಬೇಕು. ಡಾಕ್ಟರು ಪೂರ್ತಿ ಭಾರಕ್ಕೆ ಒಪ್ಪಿದ ಮೇಲೆ ಎರಡರಿಂದ ಒಂದಕ್ಕೆ ಬನ್ನಿ. ಆ ಒಂದು ಕೋಲು ಒಳ್ಳೆ ಕಾಲಿನ ಕಡೆಯ ಕೈಯಲ್ಲಿರಬೇಕು. ಆಪರೇಷನ್ ಕಡೆಯೇ ಹಿಡಿದರೆ ಮೈ ಆ ಕಡೆ ವಾಲುವುದು ರೂಢಿಯಾಗುತ್ತದೆ. ಹಿಂದಿನಿಂದ ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಿ. ಸೊಂಟ ಒಂದು ಕಡೆ ಕುಸಿಯುತ್ತಿದ್ದರೆ, ಭುಜ ವಾಲುತ್ತಿದ್ದರೆ ಕೋಲು ಇನ್ನೂ ಒಂದು ವಾರ ಇರಲಿ. ಕುಂಟುತ್ತಾ ಕೋಲು ಬಿಟ್ಟವರಿಗೆ ಆ ಕುಂಟು ಉಳಿದುಬಿಡುತ್ತದೆ.

ಸ್ಕೂಟರ್, ಬೈಕು, ಕಾರು ಆರು ವಾರದ ಆಸುಪಾಸು, ಕೋಲಿಲ್ಲದೆ ನಡೆಯುವಂತಾಗಿ, ನಿದ್ದೆ ತರಿಸುವ ಗುಳಿಗೆ ನಿಂತ ಮೇಲೆ. ಕಿಕ್ ಹೊಡೆಯುವುದು, ಕಾಲು ಬೀಸಿ ಬೈಕೇರುವುದು ಇನ್ನೂ ತಡವಾಗಿ. ದಾಂಪತ್ಯ ಸಂಪರ್ಕಕ್ಕೂ ಆರು ವಾರ ಕಾದು, ತೊಡೆ ಅತಿಯಾಗಿ ಮಡಚದ, ಅಗಲಿಸದ ಭಂಗಿ ನೋಡಿಕೊಳ್ಳಿ.

ಕೆಲಸಕ್ಕೆ ಮರಳುವ ಹೊತ್ತು ಕೆಲಸದ ಮೇಲೆ ನಿಂತಿದೆ. ಕುರ್ಚಿ ಕೆಲಸ ಎರಡರಿಂದ ನಾಲ್ಕು ವಾರಕ್ಕೆ ಆದೀತು, ಅರ್ಧ ಗಂಟೆಗೊಮ್ಮೆ ಎದ್ದರೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಯುವವರು ಮುಂದಕ್ಕೆ ಬಾಗಿ ಪೆಡಲ್ ಒತ್ತುತ್ತಾ ತಾಸುಗಟ್ಟಲೆ ಕೂಡುತ್ತಾರೆ. ಅದಕ್ಕೆ ಆರರಿಂದ ಎಂಟು ವಾರ, ಸ್ಟೂಲು ಎತ್ತರಿಸಿ, ಆಪರೇಷನ್ ಬಲಗಾಲಿಗಾಗಿದ್ದರೆ ಪೆಡಲನ್ನು ಎಡಕ್ಕೆ ಸರಿಸಿ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗದ್ದೆಗಳಲ್ಲಿ ಭತ್ತ ನಾಟಿ ಎಂದರೆ ಕೆಸರಲ್ಲಿ ಕಾಲು ಹೂತು ಬಗ್ಗುವುದು, ಎಳೆದು ತೆಗೆಯುವುದು, ತಿರುಗುವುದು. ಕೀಲಿಗೆ ಇದಕ್ಕಿಂತ ಕಷ್ಟದ ಕೆಲಸ ಕಡಿಮೆ. ಅದಕ್ಕೂ, ಗೊಬ್ಬರದ ಚೀಲ ಹೊರುವುದಕ್ಕೂ ನಾಲ್ಕರಿಂದ ಆರು ತಿಂಗಳು. ಹಂಗಾಮು ನೋಡಿಯೇ ಆಪರೇಷನ್ ದಿನ ಗೊತ್ತುಮಾಡಿದರೆ ಮನೆಗೆ ಹೊರೆಯಾಗುವುದಿಲ್ಲ. ಕಬಡ್ಡಿ, ಮೊಹರಂನ ಅಲಾಯಿ ಕುಣಿತ, ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಕೂಡ ಆ ಲೆಕ್ಕಕ್ಕೇ. ಕೊಪ್ಪಳದ ಗವಿಮಠದ ಜಾತ್ರೆಯ ನೂಕುನುಗ್ಗಲಿಗೆ ಕೋಲಿರುವವರೆಗೆ ಹೋಗುವುದು ಬೇಡ.

ನೆಲಕ್ಕೆ ಮರಳುವುದು ಎಲ್ಲದರ ಕೊನೆಗೆ. ಮೂರು ನಾಲ್ಕು ತಿಂಗಳಾಗಿ ಡಾಕ್ಟರು ಒಪ್ಪಿದ ಮೇಲೆ 45 ಸೆಂಟಿಮೀಟರಿನ ಕುರ್ಚಿಯಿಂದ 30ರ ಸ್ಟೂಲಿಗೆ, ಅಲ್ಲಿ ಒಂದು ವಾರ ತೊಡೆಸಂದಿ ಚುಚ್ಚದಿದ್ದರೆ 15ರ ಮಣೆಗೆ, ಆಮೇಲೆ ನೆಲಕ್ಕೆ. ಮೊದಮೊದಲು ಕಾಲು ಚಾಚಿ, ಬೆನ್ನಿಗೆ ಗೋಡೆ ಕೊಟ್ಟು ಕೂಡಿ, ಚಕ್ಕಳಬಕ್ಕಳ ಅದರ ನಂತರ ಐದೈದು ನಿಮಿಷ. ಚುಚ್ಚಿದರೆ ಹಿಂದಿನ ಎತ್ತರಕ್ಕೆ ಒಂದು ವಾರ ಮರಳಿ. ಕುಕ್ಕರಗಾಲು ಕೆಲವರಿಗೆ ಮತ್ತೆ ಹಿಡಿಸುವುದೇ ಇಲ್ಲ. ಕೀಲಿನ ಆಕಾರವೇ ಹಾಗಿದ್ದವರು ಬಲವಂತ ಮಾಡದೆ ಕಮೋಡನ್ನೇ ಕಾಯಂ ಇಟ್ಟುಕೊಳ್ಳಲಿ.